ನನ್ನ ಮಿತಿ ಎಷ್ಟು ಎಂದು ಕೇಳಿದ್ದೀರಿ

ಪ್ರಶ್ನೆ: ನನಗೆ ಇಪ್ಪತ್ತೊಂಬತ್ತು ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಅಪ್ಪ ಕುಡಿದು ಕುಡಿದು ಲಿವರ್ ಹಾಳಾಗಿ ಐವತ್ತೆರಡಕ್ಕೇ ತೀರಿಕೊಂಡರು. ನಾನು ಹಾಗಲ್ಲ. ಶುಕ್ರವಾರ, ಶನಿವಾರ ಮಾತ್ರ ಕುಡಿಯುತ್ತೇನೆ. ಕೆಲಸಕ್ಕೆ ಒಂದು ದಿನವೂ ತಪ್ಪಿಸಿಕೊಂಡಿಲ್ಲ. ಒಂದು ಕ್ವಾರ್ಟರ್ ಮುಗಿಸಿದರೂ ಮಾತು ತೊದಲುವುದಿಲ್ಲ. ‘ನಿನಗೆ ಒಳ್ಳೆಯ ಕೆಪಾಸಿಟಿ’ ಎನ್ನುತ್ತಾರೆ ಗೆಳೆಯರು. ಹೋದ ತಿಂಗಳು ತಂಗಿಯ ನಿಶ್ಚಿತಾರ್ಥದ ಹಿಂದಿನ ರಾತ್ರಿ ಚಿಕ್ಕಪ್ಪನ ಮಕ್ಕಳ ಜೊತೆ ಮಹಡಿಯ ಮೇಲೆ ಕುಳಿತೆ. ಹತ್ತೂವರೆಯ ನಂತರದ್ದು ಏನೂ ನೆನಪಿಲ್ಲ. ಗಂಡಿನ ಕಡೆಯ ಹಿರಿಯರೊಬ್ಬರ ಎದುರಿಗೇ ಅಮ್ಮನನ್ನು ಬಾಯಿಗೆ ಬಂದಂತೆ ಬೈದೆನಂತೆ. ತಡೆಯಲು ಬಂದ ತಂಗಿಯನ್ನು ತಳ್ಳಿದೆನಂತೆ. ಚಿಕ್ಕಪ್ಪನ ಮಗನ ಮೊಬೈಲ್‌ನಲ್ಲಿ ವಿಡಿಯೊ ಇದೆ. ಇಪ್ಪತ್ತು ಸೆಕೆಂಡ್ ನೋಡಿ ನಿಲ್ಲಿಸಿದೆ. ಅಮ್ಮ ಹೇಳಿದ್ದು ಒಂದೇ ಮಾತು: ‘ನಿಮ್ಮಪ್ಪನೇ ಎದ್ದು ಬಂದ ಹಾಗಿತ್ತು.’ ಅಪ್ಪ ಒಮ್ಮೆ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ಹನ್ನೊಂದು ತಿಂಗಳು ಮುಟ್ಟಿರಲಿಲ್ಲ. ನನಗೆ ಸೈಕಲ್ ಕಲಿಸಿದ್ದು ಆಗಲೇ. ಆಮೇಲೆ ಯಾರದೋ ಮದುವೆಯಲ್ಲಿ ‘ಒಂದೇ ಒಂದು’ ಎಂದು ಮತ್ತೆ ಶುರು ಮಾಡಿದರು. ಇನ್ನು ಆರು ವಾರಕ್ಕೆ ತಂಗಿಯ ಮದುವೆ. ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ನನ್ನ ಮಿತಿ ಎಷ್ಟು ಎಂದು ತಿಳಿಯುವುದು ಹೇಗೆ? ಪೂರ್ತಿ ಬಿಡಲೇಬೇಕೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ‘ಕೆಪಾಸಿಟಿ’ ಎಂಬ ಪದ ಬಂದ ಕಡೆ ನನ್ನ ಕಣ್ಣು ನಿಂತುಬಿಟ್ಟಿತು. ಮೊದಲು ಆ ಪದದ ಲೆಕ್ಕ ನೋಡೋಣ, ಉಳಿದದ್ದಕ್ಕೆ ಆಮೇಲೆ ಬರುತ್ತೇನೆ.

ಕ್ವಾರ್ಟರ್ ಎಂದರೆ 180 ಮಿಲಿ. 30 ಮಿಲಿಯ ಸಣ್ಣ ಪೆಗ್‌ನಲ್ಲಿ ಅಳೆದರೆ ಆರು. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇಕಡ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅಂದರೆ ಒಂದೊಂದು ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ. ಆರೋಗ್ಯವಂತನ ಲಿವರ್ ಅಷ್ಟನ್ನು ಕರಗಿಸಲು ಒಂದು ಗಂಟೆ ತೆಗೆದುಕೊಳ್ಳುತ್ತದೆ, ಹಲವರಲ್ಲಿ ಇನ್ನೂ ಹೆಚ್ಚು. ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ ಯಾವುದೂ ಆ ಕೆಲಸವನ್ನು ಒಂದು ನಿಮಿಷವೂ ಬೇಗ ಮಾಡಿಸುವುದಿಲ್ಲ. ಹೀಗಾಗಿ ಶನಿವಾರ ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದ ನೀವು ಭಾನುವಾರ ಬೆಳಿಗ್ಗೆ ಹಾಲು ತರಲು ಬೈಕ್ ಹತ್ತಿದಾಗಲೂ ರಕ್ತದಲ್ಲಿ ಇನ್ನೂ ಮದ್ಯ ಉಳಿದಿರಬಹುದು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿತೆಂದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ‘ನಾನು ಬಿಯರ್ ಮಾತ್ರ’ ಎನ್ನುವವರೂ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಶೇಕಡ 8ರ ಸ್ಟ್ರಾಂಗ್ ಬಿಯರ್‌ನ ಒಂದು ದೊಡ್ಡ ಬಾಟಲಿ, ಅಂದರೆ 650 ಮಿಲಿ, ನಾಲ್ಕು ಸಣ್ಣ ಪೆಗ್‌ಗಳಿಗೆ ಸಮ.

ಹಾಗಾದರೆ ಆರು ಪೆಗ್ ಇಳಿದರೂ ನಿಮ್ಮ ನಾಲಿಗೆ ಏಕೆ ತೊದಲುವುದಿಲ್ಲ? ಮಿದುಳಿಗೆ ಅಭ್ಯಾಸವಾಗಿಬಿಟ್ಟಿದೆ. ಬೇರೆಯವರಿಗೆ ಎರಡನೆಯ ಪೆಗ್‌ಗೆ ತಲೆ ಭಾರವಾಗುತ್ತದೆ, ಹೊಟ್ಟೆ ತೊಳೆಸುತ್ತದೆ, ನಿದ್ದೆ ಎಳೆಯುತ್ತದೆ. ‘ಸಾಕು’ ಎಂದು ದೇಹವೇ ಕೂಗಿ ಹೇಳುತ್ತದೆ. ನಿಮ್ಮಲ್ಲಿ ಆ ಕೂಗು ಅಡಗಿದೆ. ಲಿವರ್‌ಗೆ, ರಕ್ತನಾಳಕ್ಕೆ ಬೀಳುವ ಪೆಟ್ಟು ಮಾತ್ರ ಆರು ಪೆಗ್‌ನದ್ದೇ. ಗೆಳೆಯರು ಯಾವುದನ್ನು ಗಟ್ಟಿತನ ಎಂದು ಹೊಗಳುತ್ತಾರೋ ಅದೇ ವೈದ್ಯರ ಕಣ್ಣಿಗೆ ಮೊದಲ ಅಪಾಯದ ಗುರುತು. ಎಷ್ಟು ಕುಡಿದರೂ ಏರದ ಯುವಕರೇ ಮುಂದೆ ಕುಡಿತಕ್ಕೆ ದಾಸರಾಗುವ ಸಾಧ್ಯತೆ ಹೆಚ್ಚು ಎಂಬುದು, ಕುಡಿಯುವ ತಂದೆಯರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರು ಕಂಡುಕೊಂಡ ಸತ್ಯ. ಈ ದಾಸ್ಯದ ಅಪಾಯದಲ್ಲಿ ಹತ್ತಿರಹತ್ತಿರ ಅರ್ಧ ಪಾಲು ರಕ್ತದಿಂದಲೇ ಬರುತ್ತದೆ. ಅಪ್ಪನ ಸಂಗತಿಯನ್ನೂ ಕೆಪಾಸಿಟಿಯ ಸಂಗತಿಯನ್ನೂ ನೀವು ಬೇರೆ ಬೇರೆ ಸಾಲುಗಳಲ್ಲಿ ಬರೆದಿದ್ದೀರಿ. ಅವೆರಡೂ ಒಂದೇ ಸಾಲಿಗೆ ಸೇರಬೇಕಾದವು.

ಈಗ ಆ ರಾತ್ರಿಯ ವಿಷಯ. ಹತ್ತೂವರೆಯ ನಂತರ ಏನಾಯಿತೆಂದು ನೆನಪಿಸಿಕೊಳ್ಳಲು ದಿನಗಟ್ಟಲೆ ಒದ್ದಾಡಿರುತ್ತೀರಿ. ಆ ಒದ್ದಾಟ ಬಿಡಿ, ಆ ನೆನಪು ಎಂದಿಗೂ ಸಿಗುವುದಿಲ್ಲ. ಹೊಸ ನೆನಪುಗಳನ್ನು ದಾಖಲಿಸುವ ಹಿಪೊಕ್ಯಾಂಪಸ್ ಎಂಬ ಭಾಗ ಮಿದುಳಿನಲ್ಲಿದೆ. ಮದ್ಯ ಒಮ್ಮೆಲೇ ಏರಿದಾಗ ಅದು ಬರೆಯುವುದನ್ನು ನಿಲ್ಲಿಸುತ್ತದೆ. ಮನುಷ್ಯ ನಡೆದಾಡುತ್ತಾನೆ, ವಾದ ಮಾಡುತ್ತಾನೆ, ಮೆಟ್ಟಿಲು ಇಳಿಯುತ್ತಾನೆ, ಯಾವುದೂ ದಾಖಲಾಗುವುದಿಲ್ಲ. ಬರೆಯದ ಪುಟವನ್ನು ಎಷ್ಟು ತಿರುವಿ ಹಾಕಿದರೇನು? ಬರಿ ಹೊಟ್ಟೆಯಲ್ಲಿ ಕುಡಿದರೆ, ಬೇಗ ಬೇಗ ಕುಡಿದರೆ ಇದು ಹೆಚ್ಚು. ಮಹಡಿಯ ಮೇಲೆ ಅಳತೆಯ ಲೋಟ ಇದ್ದಿರಲಾರದು; ಸ್ಟೀಲ್ ಲೋಟಕ್ಕೆ ಕೈಯಂದಾಜಿನಲ್ಲಿ ಸುರಿದಿರುತ್ತೀರಿ, ನಡುವೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಊಟ ಮಾತ್ರ ‘ಆಮೇಲೆ’. ಆ ರಾತ್ರಿ ಎಷ್ಟು ಪೆಗ್ ಆಯಿತೆಂದು ನೀವು ಬರೆದೇ ಇಲ್ಲ. ನಿಮಗೇ ಗೊತ್ತಿಲ್ಲ ಎಂದುಕೊಳ್ಳುತ್ತೇನೆ.

ನನಗೂ ಅಂಥ ಒಂದು ರಾತ್ರಿ ಇದೆ. ಇದುವರೆಗೆ ಈ ಅಂಕಣದಲ್ಲಿ ಬರೆದಿರಲಿಲ್ಲ. 1986ರಲ್ಲಿ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಹುಬ್ಬಳ್ಳಿಯ ಗೆಳೆಯನ ಮನೆಯಲ್ಲಿ ರಮ್ ಕುಡಿದು, ಯಾರೆಷ್ಟು ಹೇಳಿದರೂ ಕೇಳದೆ, ಎರವಲು ಸ್ಕೂಟರ್ ಹತ್ತಿ ಹೊರಟೆ. ಉಣಕಲ್ ಕೆರೆಯ ಮೇಲಿಂದ ಬೀಸಿದ ತಣ್ಣನೆಯ ಗಾಳಿ ನೆನಪಿದೆ. ಅಲ್ಲಿಂದ ಮುಂದೆ ಏನೂ ಇಲ್ಲ. ಬೆಳಿಗ್ಗೆ ಹಾಸ್ಟೆಲಿನ ನನ್ನ ಮಂಚದ ಮೇಲೆ ಎಚ್ಚರವಾಯಿತು. ಕೆಳಗಿಳಿದು ನೋಡಿದರೆ ಸ್ಕೂಟರ್ ಮರದ ಕೆಳಗೆ ನೆಟ್ಟಗೆ ನಿಂತಿತ್ತು. ಹ್ಯಾಂಡಲ್ ಒಂದು ಕಡೆಗೆ ಬಾಗಿತ್ತು, ಮುಂದಿನ ದೀಪದ ಗಾಜು ಒಡೆದಿತ್ತು. ನನ್ನ ಮೈ ಮೇಲೆ ಒಂದು ಗೀರೂ ಇರಲಿಲ್ಲ.

ಯಾವುದಕ್ಕೆ ಬಡಿದಿತ್ತು? ಕಲ್ಲಿಗೋ, ದನಕ್ಕೋ, ಮನುಷ್ಯನಿಗೋ? ಆ ದಿನವೇ ಹುಬ್ಬಳ್ಳಿಯ ಬಸ್ ಹತ್ತಿ ಕಿಟಕಿಯ ಪಕ್ಕ ಕುಳಿತು ಸತ್ತೂರು, ರಾಯಾಪುರ, ನವನಗರದವರೆಗೂ ರಸ್ತೆ ಬದಿಯ ಗಟಾರಗಳನ್ನೇ ನೋಡುತ್ತಾ ಹೋದೆ. ಒಂದು ವಾರ ಪತ್ರಿಕೆಗಳ ಅಪಘಾತದ ಸುದ್ದಿಗಳನ್ನು ಕೈ ನಡುಗುತ್ತಾ ಓದಿದೆ. ಏನೂ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ನಿಮ್ಮ ತಪ್ಪಿಗೆ ಕನಿಷ್ಠ ವಿಡಿಯೊ ಇದೆ, ಕ್ಷಮೆ ಕೇಳಲು ಎದುರಿಗೆ ಅಮ್ಮ ಇದ್ದಾರೆ, ತಂಗಿ ಇದ್ದಾಳೆ. ನನಗೆ ಯಾರ ಬಾಗಿಲಿಗೆ ಹೋಗಬೇಕೆಂಬುದೇ ಗೊತ್ತಾಗಲಿಲ್ಲ.

ಆಮೇಲೆ ನಾನೊಂದು ನಿಯಮ ಹಾಕಿಕೊಂಡೆ: ಎರಡು ಸಣ್ಣ ಪೆಗ್, ಅಳೆದು, ಊಟದ ಜೊತೆ, ಕುಡಿದ ಮೇಲೆ ಗಾಡಿ ಮುಟ್ಟುವಂತಿಲ್ಲ. ಎಷ್ಟೋ ವರ್ಷ ಆ ನಿಯಮ ಮುರಿಯಲಿಲ್ಲ. ಮುಂದೆ ರಕ್ತದೊತ್ತಡ ಏರಿ ವೈದ್ಯರು ಬಿಡಲು ಹೇಳಿದಾಗ ‘ಎರಡೇ ತಾನೇ, ಬಿಟ್ಟರಾಯಿತು’ ಎಂದುಕೊಂಡೆ. ಬಿಟ್ಟ ಮೊದಲ ತಿಂಗಳು ಸಂಜೆ ಏಳಾದರೆ ಕೈ ತಾನಾಗಿ ಕಪಾಟಿನ ಕಡೆಗೆ ಹೋಗುತ್ತಿತ್ತು. ಮಿತಿಯೊಳಗೇ ಇದ್ದೇನೆ ಎಂದುಕೊಂಡ ನನ್ನಲ್ಲೂ ಅದು ಅಷ್ಟು ಆಳಕ್ಕೆ ಬೇರು ಬಿಟ್ಟಿತ್ತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣ ಎಂಬುದೇ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಮಿತಿಯನ್ನು ಕುಡಿಯುತ್ತಾ ಕುಡಿಯುತ್ತಾ ಕಂಡುಕೊಳ್ಳಲಾಗುವುದಿಲ್ಲ. ‘ಸಾಕು’ ಎಂದು ತೀರ್ಮಾನಿಸಬೇಕಾದ ವಿವೇಕವನ್ನೇ ಮದ್ಯ ಎಲ್ಲಕ್ಕಿಂತ ಮೊದಲು ಮಲಗಿಸುತ್ತದೆ. ತೀರ್ಮಾನ ಆಗಬೇಕಾದದ್ದು ಮೊದಲ ಲೋಟಕ್ಕೆ ಮುಂಚೆ, ಹಗಲಿನಲ್ಲಿ. ನಿಮ್ಮ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದರೆ ಆ ಮಿತಿ ಸೊನ್ನೆ. ಅಪ್ಪನ ಇತಿಹಾಸ, ಏರದ ಮೈ, ನೆನಪಳಿದ ರಾತ್ರಿ, ಹೆಣ್ಣುಮಕ್ಕಳ ಮೇಲೆ ಎತ್ತಿದ ಕೈ: ಈ ನಾಲ್ಕೂ ಒಬ್ಬನಲ್ಲೇ ಸೇರಿರುವಾಗ ‘ಎರಡಕ್ಕೆ ನಿಲ್ಲಿಸಿ’ ಎಂದು ಬರೆಯಲು ನನ್ನ ಕೈ ಬರುವುದಿಲ್ಲ.

ಜೀವನಪೂರ್ತಿ ಎಂದರೆ ಇಪ್ಪತ್ತೊಂಬತ್ತರಲ್ಲಿ ಎದೆ ಧಸಕ್ಕೆನ್ನುತ್ತದೆ, ನಿಜ. ಸದ್ಯ ಮದುವೆ ಮುಗಿಯುವವರೆಗೆ, ಅಲ್ಲಿಂದ ಮುಂದಕ್ಕೆ ಮೂರು ತಿಂಗಳು ಎಂದು ಇಟ್ಟುಕೊಳ್ಳಿ. ಅಷ್ಟು ದಿನ ಒಂದು ಹನಿಯೂ ಇಲ್ಲ. ಸಲೀಸಾಗಿ ಕಳೆದರೆ ನೀವೇ ನಿಮ್ಮ ಬಗ್ಗೆ ಹೊಸದೊಂದು ತಿಳಿದುಕೊಂಡಿರುತ್ತೀರಿ. ಮುಂದಿನ ಮಾತು ಆಗ ಆಡೋಣ. ನಡುವೆ ಮುರಿದರೆ ನಾಚಿಕೆಯಿಂದ ಮುಚ್ಚಿಡಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ತಿಳಿದು ವೈದ್ಯರನ್ನು ಕಾಣಿ. ನೀವಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಅಲ್ಲಿಗೆ ಹೋಗಲು ಹಿಂಜರಿಕೆಯಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ. ಕುಡಿತ, ಮಾದಕವಸ್ತುಗಳ ಸಮಸ್ಯೆಗೆಂದೇ ಇರುವ 14446 ಕೂಡ ಉಚಿತ.

ವೈದ್ಯರು ಬಹಳ ಕಾಲದಿಂದ ಬಳಸುವ ನಾಲ್ಕು ಪ್ರಶ್ನೆಗಳಿವೆ. ಕುಡಿತ ಕಡಿಮೆ ಮಾಡಬೇಕು ಎಂದು ಎಂದಾದರೂ ಅನ್ನಿಸಿದೆಯೇ? ಕುಡಿತದ ಬಗ್ಗೆ ಯಾರಾದರೂ ಟೀಕಿಸಿದಾಗ ಸಿಟ್ಟು ಬಂದಿದೆಯೇ? ತಪ್ಪು ಮಾಡುತ್ತಿದ್ದೇನೆ ಎಂಬ ಭಾವ ಕಾಡಿದೆಯೇ? ಬೆಳಿಗ್ಗೆ ಎದ್ದಕೂಡಲೇ ಕುಡಿಯಬೇಕೆನಿಸಿದೆಯೇ? ಎರಡಕ್ಕೆ ಹೌದೆಂದರೂ ಪರೀಕ್ಷೆ ಮಾಡಿಸಬೇಕು. ನಿಮ್ಮ ಪತ್ರದಲ್ಲೇ ಎರಡಕ್ಕೆ ಹೌದು ಎಂಬ ಉತ್ತರ ನನಗೆ ಕಾಣುತ್ತಿದೆ.

ಇಲ್ಲಿ ಬೇರೆ ಓದುಗರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ವಾರಕ್ಕೆ ಎರಡು ದಿನ ಕುಡಿಯುವ ಇವರು ಇವತ್ತೇ ನಿಲ್ಲಿಸಬಹುದು. ಪ್ರತಿದಿನ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು ಮನೆಯಲ್ಲಿ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರು ನಾಲ್ಕನೆಯ ದಿನ ಭ್ರಮೆ ಕವಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಅವರು ಬಿಡಲೇಬೇಕು, ಆದರೆ ವೈದ್ಯರ ಕಣ್ಣೆದುರಿನಲ್ಲಿ ಬಿಡಬೇಕು.

ತಂಗಿಯ ಬಳಿಗೆ ಹೋಗುವ ಮುನ್ನ ಆ ವಿಡಿಯೊವನ್ನು ಒಮ್ಮೆ ಕೊನೆಯವರೆಗೂ ನೋಡಿ. ಕಷ್ಟ, ಗೊತ್ತು. ಆದರೆ ಅವಳು ಪೂರ್ತಿ ಕಂಡದ್ದನ್ನು ನೀವು ಇಪ್ಪತ್ತು ಸೆಕೆಂಡ್ ಮಾತ್ರ ಕಂಡು ಕ್ಷಮೆ ಕೇಳಿದರೆ ಅದು ಅವಳಿಗೆ ತಾಕುವುದಿಲ್ಲ. ನೋಡಿದ ಮೇಲೆ ಅದನ್ನು ಅಳಿಸಲು ಚಿಕ್ಕಪ್ಪನ ಮಗನಿಗೆ ಹೇಳಿ. ಅದು ನಾಳೆ ಗಂಡಿನ ಮನೆಯವರ ಮೊಬೈಲ್ ಸೇರಿದರೆ ನೋವಾಗುವುದು ಅವಳಿಗೆ. ‘ನನಗೇನೂ ನೆನಪಿಲ್ಲ’ ಎಂದು ಮಾತು ಶುರು ಮಾಡಬೇಡಿ. ಅಮ್ಮ ಆ ಮಾತನ್ನು ನಿಮ್ಮ ಅಪ್ಪನ ಬಾಯಿಂದ ಎಷ್ಟು ಬೆಳಗುಗಳಲ್ಲಿ ಕೇಳಿರಬೇಕು, ಯೋಚಿಸಿ. ‘ನೆನಪಿರಲಿ ಬಿಡಲಿ, ಮಾಡಿದವನು ನಾನೇ’ ಎನ್ನಿ. ಅವಳು ಬೈದರೆ ಬೈಯಲಿ, ನಡುವೆ ಬಾಯಿ ಹಾಕಬೇಡಿ. ಬಂಗಾರದ ಸರ ಕೊಂಡೊಯ್ಯಬೇಡಿ, ಕಾಲಿಗೆ ಬೀಳಬೇಡಿ, ‘ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ’ ಎಂದು ಆಣೆ ಇಡಬೇಡಿ. ಕುಡಿಯುವವರ ಮನೆಯಲ್ಲಿ ಬೆಳೆದ ಹುಡುಗಿಗೆ ಆಣೆಗಳು ಹೊಸದೇನಲ್ಲ. ‘ನಿನ್ನ ಮದುವೆ ಮುಗಿಯುವವರೆಗೆ ಒಂದು ಹನಿಯೂ ಇಲ್ಲ’ ಎಂಬಷ್ಟನ್ನೇ ಹೇಳಿ, ಏಕೆಂದರೆ ಅಷ್ಟನ್ನು ಅವಳು ಕಣ್ಣಾರೆ ನೋಡಬಲ್ಲಳು. ಅವಳು ತಕ್ಷಣ ಮಾತು ಶುರು ಮಾಡದಿದ್ದರೂ ಕೊಟ್ಟ ಮಾತಿಗೆ ನೀವು ತಪ್ಪಬೇಡಿ.

ಮದುವೆಯ ಮನೆಯಲ್ಲಿ ಚಿಕ್ಕಪ್ಪನ ಮಕ್ಕಳು ಕರೆಯುತ್ತಾರೆ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂಬ ಸುಳ್ಳು ಹೇಳಬೇಡಿ, ಸುಳ್ಳಿಗೆ ಆಯಸ್ಸು ಕಡಿಮೆ. ‘ನನಗೆ ಬೇಡ, ಅವತ್ತು ನೀವೇ ನೋಡಿದಿರಲ್ಲ’ ಎಂದರೆ ಒತ್ತಾಯಿಸುವವರೂ ಸುಮ್ಮನಾಗುತ್ತಾರೆ. ಹಿಂದಿನ ರಾತ್ರಿ ಸ್ಟೇಷನ್‌ನಿಂದ ನೆಂಟರನ್ನು ಕರೆತರುವ ಹೊಣೆ ಬೇಡಿ ತೆಗೆದುಕೊಳ್ಳಿ. ಗಾಡಿಯ ಕೀಲಿ ನಿಮ್ಮ ಕೈಯಲ್ಲಿದ್ದರೆ ಲೋಟ ಬೇರೆಯವರ ಕೈಗೆ ಹೋಗುತ್ತದೆ.

ಅಮ್ಮನ ಆ ಒಂದು ಮಾತು ನಿಮ್ಮನ್ನು ತುಂಬಾ ಸುಟ್ಟಿದೆ. ನನಗೆ ಮಾತ್ರ ನಿಮ್ಮ ಪತ್ರದಲ್ಲಿ ಇನ್ನೊಬ್ಬ ಅಪ್ಪನೂ ಕಂಡರು: ಶಿಬಿರಕ್ಕೆ ತಾನಾಗಿ ಹೋದವರು, ಹನ್ನೊಂದು ತಿಂಗಳು ತಡೆದು ಹಿಡಿದವರು, ಸೈಕಲ್‌ನ ಸೀಟು ಹಿಡಿದುಕೊಂಡು ಹಿಂದೆ ಓಡಿದವರು. ನಮ್ಮ ಹಳ್ಳಿ, ಪಟ್ಟಣಗಳಲ್ಲಿ ಧರ್ಮಸ್ಥಳದವರು ನಡೆಸುವಂಥ ಶಿಬಿರಗಳಿಂದ ಬಂದವರನ್ನು ನಾನು ಬಲ್ಲೆ. ಆ ಮೊದಲ ವರ್ಷ ದಿನಕ್ಕೊಂದು ಗುಡ್ಡ ಹತ್ತಿದಂತೆ. ಒಂದು ಮದುವೆಯಲ್ಲಿ ಯಾರೋ ‘ಒಂದೇ ಒಂದು’ ಎಂದು ಲೋಟ ನೀಡಿದಾಗ ಪಕ್ಕದಲ್ಲಿ ತಡೆಯುವವರು ಯಾರೂ ಇರಲಿಲ್ಲ ಅವರಿಗೆ.

ಈ ಶನಿವಾರ ದಾವಣಗೆರೆಗೆ ಹೋಗಿ. ಬೆಳಗಿನ ರೈಲಿಗೇ ಹೊರಡಿ, ಶುಕ್ರವಾರ ರಾತ್ರಿ ಗೆಳೆಯರ ಜೊತೆ ಕೂರುವ ಮಾತು ಹೇಗೂ ಬರುವುದಿಲ್ಲ. ತಂಗಿಯ ಜೊತೆ ಮಾತಾದ ಮೇಲೆ, ಆಗದಿದ್ದರೂ ಸರಿ, ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಕುಳಿತು ಆ ಹನ್ನೊಂದು ತಿಂಗಳ ಬಗ್ಗೆ ಕೇಳಿ. ಸಂಜೆಗಳನ್ನು ಅಪ್ಪ ಹೇಗೆ ಕಳೆಯುತ್ತಿದ್ದರು, ಏನು ತಿನ್ನಲು ಕೇಳುತ್ತಿದ್ದರು, ರಾತ್ರಿ ನಿದ್ದೆ ಬರುತ್ತಿತ್ತೇ ಎಂದು. ಅವರಿಗೆ ಎಲ್ಲವೂ ನೆನಪಿರುತ್ತದೆ. ಮದುವೆ ಮುಗಿದ ಮೇಲೆ ನನಗೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.