ಪ್ರತಿಕ್ರಿಯೆ: ಮಗುವಿಗೆ ಸಿಪ್ಯಾಪ್ ಸಾಕೇ, ವೆಂಟಿಲೇಟರ್ ಬೇಕೇ?

ಮೂವತ್ತು ವಾರಕ್ಕೇ ಹುಟ್ಟಿದ ನಿಮ್ಮ ತಂಗಿಯ ಮಗು ಮಡಿಕೇರಿಯ ಆಸ್ಪತ್ರೆಯಲ್ಲಿ ಸಿಪ್ಯಾಪ್ ಎಂಬ ಉಸಿರಾಟಕ್ಕೆ ನೆರವಾಗುವ ಸಾಧನದ ಮೇಲಿದೆ, ಮೈಸೂರಿಗೆ ಒಯ್ದು ವೆಂಟಿಲೇಟರ್ ಹಾಕಿಸಬೇಕೇ ಎಂದು ಕೇಳಿದ್ದೀರಿ. ವೆಂಟಿಲೇಟರ್ ಎಂದರೆ ಮೇಲಿನ ದರ್ಜೆಯ ಚಿಕಿತ್ಸೆ ಎಂಬ ನೆಂಟರ ಮಾತನ್ನು ದಯವಿಟ್ಟು ಬದಿಗಿಡಿ.

ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪದಾರ್ಥ ಸಾಲದೆ, ಉಸಿರು ಬಿಟ್ಟಾಗಲೆಲ್ಲ ಗಾಳಿಚೀಲಗಳು ಮುದುಡಿಕೊಳ್ಳುತ್ತವೆ. ಮೂಗಿನ ಮೂಲಕ ಸತತ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಅದನ್ನು ತಡೆಯುತ್ತದೆ, ಉಸಿರಾಡುವ ಕೆಲಸವನ್ನು ಮಗುವೇ ಮಾಡುತ್ತದೆ. ಶ್ವಾಸನಾಳಕ್ಕಿಳಿಸಿದ ಕೊಳವೆಯಿಂದ ಗಾಳಿ ತಳ್ಳುವ ವೆಂಟಿಲೇಟರ್ ಜೀವ ಉಳಿಸಬಲ್ಲದು, ಆದರೆ ಎಳೆಯ ಶ್ವಾಸಕೋಶವನ್ನು ಅತಿಯಾಗಿ ಹಿಗ್ಗಿಸಿ ಗಾಯಗೊಳಿಸಲೂಬಹುದು. ಇದಕ್ಕಿಂತಲೂ ಮುಂಚೆ ಹುಟ್ಟಿದ ಶಿಶುಗಳ ಮೇಲೆ ನಡೆದು 2008 ಮತ್ತು 2010ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಸಿಪ್ಯಾಪ್‌ನಿಂದ ಆರಂಭಿಸಿದ್ದರಿಂದ ಸಾವು ಹೆಚ್ಚಲಿಲ್ಲ. ಮೊದಲನೆಯದರಲ್ಲಿ ಎದೆಯೊಳಗೆ ಗಾಳಿ ಸೋರುವ ತೊಂದರೆ ಹೆಚ್ಚು ಕಂಡಿತೆಂಬುದನ್ನೂ ಮರೆಯಬಾರದು.

ವೈದ್ಯರಲ್ಲಿ ಕೇಳಬೇಕಾದ್ದು, ಮಗುವಿಗೆ ಶೇಕಡಾ ಎಷ್ಟು ಆಮ್ಲಜನಕ ಬೇಕಾಗುತ್ತಿದೆ ಎಂದು. ಸಿಪ್ಯಾಪ್‌ನಲ್ಲಿದ್ದೂ ಅದು ಸುಮಾರು 30 ದಾಟಿದರೆ ಸರ್ಫ್ಯಾಕ್ಟಂಟ್ ಕೊಡುವುದು ವಾಡಿಕೆ. ಸಿಪ್ಯಾಪ್ ತೆಗೆಯದೆಯೇ ತೆಳುವಾದ ನಳಿಕೆಯಿಂದ ಅದನ್ನು ಕೊಡುವ ಕ್ರಮವೂ ಇದೆ. ಉಸಿರು ಪದೇ ಪದೇ ನಿಂತರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ ಹೋದರೆ ವೆಂಟಿಲೇಟರ್ ಅನಿವಾರ್ಯ.

ಮೈಸೂರು ಸುಮಾರು 120 ಕಿಲೋಮೀಟರ್. ವೈದ್ಯರೇ ಕಳುಹಿಸಿದರೆ, ಇನ್‌ಕ್ಯುಬೇಟರ್ ಮತ್ತು ತರಬೇತಾದ ಸಿಬ್ಬಂದಿ ಇರುವ ಆಂಬುಲೆನ್ಸ್‌ನಲ್ಲಷ್ಟೇ ಒಯ್ಯಿರಿ.