ಶಾಂತಿ ಕೇಳಿದ ತಾಯಿ ಸುಮ್ಮನೆ ಕೂತಿರಲಿಲ್ಲ

ದಾವಣಗೆರೆಯ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಜರ್ಮನಿಯ ಮೆವ್ಲುದೆ ಗೆಂಚ್ ಎಂಬ ತಾಯಿಯ ಬಗ್ಗೆ ನಾವೊಂದು ಚಿಕ್ಕ ಟಿಪ್ಪಣಿ ಹಾಕಿದ್ದೆವು. ಅದನ್ನು ಓದಿ ನಿಮಗೆ ಸಿಟ್ಟು ಬಂದಿದೆ. ‘ಮಕ್ಕಳನ್ನು ಸುಟ್ಟ ಊರಿನಲ್ಲೇ ನಿಂತು ಸ್ನೇಹದ ಮಾತಾಡುವುದು ದೊಡ್ಡತನವಲ್ಲ, ಕೈಲಾಗದವರ ಮಾತು’ ಎಂದು ಬರೆದಿದ್ದೀರಿ. ‘ನೊಂದವಳ ಬಾಯಲ್ಲೇ ಸಮಾಧಾನ ಹೇಳಿಸುವುದು ಯಾವ ನ್ಯಾಯ?’ ಎಂದೂ ಕೇಳಿದ್ದೀರಿ. ಡ್ಯೂಸೆಲ್‌ಡಾರ್ಫ್‌ನಲ್ಲಿ ಕೆಲಸ ಮಾಡುವ ಮಗನಿಗೆ ಏನು ಹೇಳಲಿ ಎನ್ನುವುದು ನಿಮ್ಮ ಕೊನೆಯ ಪ್ರಶ್ನೆ. ಇಂಥ ಪತ್ರಕ್ಕೆ ಎರಡು ಸಾಲಿನ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ.

ಟಿಪ್ಪಣಿ ಓದದವರಿಗಾಗಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಸೋಲಿಂಗೆನ್, ಚಾಕು ಕತ್ತರಿಗಳಿಗೆ ಹೆಸರಾದ ಊರು. ಡ್ಯೂಸೆಲ್‌ಡಾರ್ಫ್‌ಗೆ ಹತ್ತಿರ. 1993ರ ಮೇ 29ರಂದು, ಮಧ್ಯರಾತ್ರಿ ಕಳೆದ ಮೇಲೆ, ಟರ್ಕಿಯಿಂದ ದುಡಿಯಲು ಬಂದು ನೆಲೆಸಿದ್ದ ಗೆಂಚ್ ಕುಟುಂಬದ ಮನೆಗೆ, ಹೊರಗಿನವರ ಮೇಲಿನ ದ್ವೇಷದಿಂದ, ನಾಲ್ವರು ಬೆಂಕಿ ಹಚ್ಚಿದರು. ಮೆವ್ಲುದೆಯವರ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಮೊಮ್ಮಕ್ಕಳು, ನೆಂಟರ ಮನೆಯ 12 ವರ್ಷದ ಒಬ್ಬ ಹುಡುಗಿ ಸತ್ತರು. ಎಲ್ಲರಿಗಿಂತ ಚಿಕ್ಕವಳಿಗೆ ನಾಲ್ಕೇ ವರ್ಷ. ದೊಡ್ಡ ಮಗಳು ಗುರ್ಸುನ್, 27 ವರ್ಷ, ತನ್ನ ಮಗುವನ್ನು ಅವಚಿಕೊಂಡು ಕಿಟಕಿಯಿಂದ ಹಾರಿದಳು. ಮಗು ಬದುಕಿತು, ಅವಳು ಉಳಿಯಲಿಲ್ಲ. 15 ವರ್ಷದ ಮಗ ಮೈಯೆಲ್ಲ ಸುಟ್ಟುಕೊಂಡು ಬದುಕಿದ. ಬೆಂಕಿ ಹಚ್ಚಿದವರ ವಯಸ್ಸು 16ರಿಂದ 23. ಅವರಲ್ಲೊಬ್ಬ ಆ ಮನೆಯ ಎದುರಿಗೇ ವಾಸವಿದ್ದವನು.

ಇದು ಇದ್ದಕ್ಕಿದ್ದಂತೆ ನಡೆದದ್ದೂ ಅಲ್ಲ. 1992ರ ಆಗಸ್ಟ್‌ನಲ್ಲಿ ರೋಸ್ಟಾಕ್‌ನಲ್ಲಿ ವಲಸಿಗರಿದ್ದ ಕಟ್ಟಡಕ್ಕೆ ದಿನಗಟ್ಟಲೆ ಕಲ್ಲು, ಬೆಂಕಿ ಬಿತ್ತು. ನೋಡಲು ಸೇರಿದ ಜನ ಚಪ್ಪಾಳೆ ತಟ್ಟಿದರು. ನವೆಂಬರ್‌ನಲ್ಲಿ ಮೋಲ್ನ್ ಎಂಬ ಊರಲ್ಲಿ ಮನೆಗೆ ಬೆಂಕಿ ಹಚ್ಚಿ ಟರ್ಕಿ ಮೂಲದ ಮೂವರನ್ನು ಕೊಂದರು. ಹೊರಗಿನವರು ಜಾಸ್ತಿಯಾದರು ಎಂಬ ಮಾತು ಪತ್ರಿಕೆಗಳಲ್ಲಿ, ರಾಜಕಾರಣಿಗಳ ಭಾಷಣಗಳಲ್ಲಿ ದಿನವೂ ಓಡಾಡುತ್ತಿತ್ತು. ಸೋಲಿಂಗೆನ್‌ನ ಬೆಂಕಿಗೆ ಮೂರೇ ದಿನ ಮೊದಲು, ಮೇ 26ರಂದು, ಜರ್ಮನ್ ಸಂಸತ್ತು ಆಶ್ರಯ ಕೇಳಿ ಬರುವವರ ಹಕ್ಕನ್ನು ಮೊಟಕು ಮಾಡಲು ಸಂವಿಧಾನವನ್ನೇ ತಿದ್ದಿತು. ಆಗಿನ ಕಾನೂನಿನ ಪ್ರಕಾರ, ಟರ್ಕಿಯವರಿಗೆ ಜರ್ಮನಿಯಲ್ಲೇ ಹುಟ್ಟಿದ ಮಕ್ಕಳೂ ವಿದೇಶಿಯರೇ. ಆ ಕಾನೂನು ಬದಲಾದದ್ದು 2000ದಲ್ಲಿ.

ಇಷ್ಟೆಲ್ಲ ಆದ ಮೇಲೆ ಟರ್ಕಿ ಮೂಲದ ಯುವಕರು ಸೋಲಿಂಗೆನ್ ಬೀದಿಗಿಳಿದರು. ಅಂಗಡಿಗಳ ಗಾಜು ಪುಡಿಯಾಯಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ನಿಮಗೂ ಆಗುತ್ತದೆ ಅಲ್ವಾ? ಆ ಹೊತ್ತಿನಲ್ಲೇ ಮೆವ್ಲುದೆ, ಹಗೆ ಬೇಡ, ಸ್ನೇಹದಿಂದ ಬಾಳೋಣ ಎಂದರು. ಜರ್ಮನಿಯ ಪ್ರಧಾನಿ ಹೆಲ್ಮುಟ್ ಕೋಲ್ ಅಂತಿಮ ನಮನಕ್ಕೂ ಬರಲಿಲ್ಲ. ಬಂದು ಮಾತಾಡಿದವರು ಅಧ್ಯಕ್ಷ ವೈತ್ಸೆಕರ್.

ಇಲ್ಲಿಯೇ ನನಗೆ ನಿಮ್ಮ ಮೊದಲ ಮಾತಿನ ಜೊತೆ ತಕರಾರಿದೆ. ಮೆವ್ಲುದೆ ಕೊಲೆಗಾರರನ್ನು ಕ್ಷಮಿಸಲಿಲ್ಲ. ಆ ನಾಲ್ವರನ್ನು ಬಿಟ್ಟು ಬೇರೆ ಯಾರ ಮೇಲೂ ತನಗೆ ದ್ವೇಷವಿಲ್ಲ ಎಂದೇ ಅವರು ಹೇಳಿದ್ದು. ಈ ‘ಬಿಟ್ಟು’ ಎನ್ನುವ ಭಾಗವನ್ನು ಹೊಗಳುವವರು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ನಮ್ಮ ಟಿಪ್ಪಣಿಯಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ನಾಲ್ವರ ಮೇಲೆ ಕೇಸು ನಡೆಯಿತು. 1995ರಲ್ಲಿ ಒಬ್ಬನಿಗೆ 15 ವರ್ಷ, ಉಳಿದ ಮೂವರಿಗೆ ತಲಾ 10 ವರ್ಷ ಜೈಲಾಯಿತು. ಐದು ಜೀವಕ್ಕೆ ಇಷ್ಟೇನಾ ಎಂದು ನೀವು ಕೇಳಬಹುದು. ನನಗೂ ಹಾಗೇ ಅನ್ನಿಸುತ್ತದೆ.

ಮೆವ್ಲುದೆ ಸ್ನೇಹ ಕೇಳಿದ್ದು ಅಕ್ಕಪಕ್ಕದವರ ಹತ್ತಿರ. ಮತ್ತು ಕೇಳಿ ಸುಮ್ಮನಾಗಲಿಲ್ಲ. ಮಕ್ಕಳನ್ನು ಟರ್ಕಿಯ ತಮ್ಮ ಹಳ್ಳಿ ಮೆರ್ಜಿಮೆಕ್‌ನಲ್ಲಿ ಮಣ್ಣು ಮಾಡಿದರು. ಅಲ್ಲೇ ಉಳಿದುಬಿಡಬಹುದಿತ್ತು. ಆದರೆ ಕುಟುಂಬ ಸೋಲಿಂಗೆನ್‌ಗೇ ಮರಳಿ, ಅದೇ ಊರಲ್ಲಿ ಮತ್ತೆ ಮನೆ ಕಟ್ಟಿತು. 1995ರಲ್ಲಿ ಮೆವ್ಲುದೆ ಜರ್ಮನ್ ಪೌರತ್ವ ಪಡೆದರು. 2012ರಲ್ಲಿ ದೇಶದ ಅಧ್ಯಕ್ಷರನ್ನು ಆರಿಸುವ ಸಭೆಯಲ್ಲಿ ಸದಸ್ಯೆಯಾಗಿ ಕೂತರು. ನಿಮ್ಮನ್ನು ಇಲ್ಲಿಂದ ಓಡಿಸುತ್ತೇವೆ ಎಂದು ಮನೆಗೆ ಬೆಂಕಿ ಹಚ್ಚಿದವರಿಗೆ ಇದಕ್ಕಿಂತ ಗಟ್ಟಿ ಉತ್ತರ ಯಾವುದಿದೆ? ಇದನ್ನು ಕೈಲಾಗದವರ ಮಾತು ಎನ್ನಲು ನನ್ನಿಂದ ಸಾಧ್ಯವಿಲ್ಲ.

ನಿಮ್ಮ ಎರಡನೇ ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಸಮಾಧಾನ ಹೇಳುವ ಹೊರೆ ನೊಂದವರದ್ದಲ್ಲ. ಮೆವ್ಲುದೆ ಅದನ್ನು ತಾವಾಗಿ ಹೊತ್ತರು. ಬೇರೆ ಯಾವ ತಾಯಿಗೂ ಅವರನ್ನು ತೋರಿಸಿ, ನೀನೂ ಹಾಗಿರು ಎನ್ನುವ ಹಕ್ಕು ಯಾರಿಗೂ ಇಲ್ಲ. ನಮ್ಮಲ್ಲಿ ಕೇರಿಯ ಮೇಲೆ ದಾಳಿಯಾದರೆ ದೂರು ದಾಖಲಾಗುವ ಮೊದಲೇ ಶಾಂತಿ ಸಭೆ ಕರೆಯುತ್ತಾರೆ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೋರ್ಟು ಆರೋಪಿಗಳನ್ನು ಬಿಟ್ಟುಬಿಟ್ಟಿತು. ಅಲ್ಲಿ ಹೋಗಿ ಸಾಮರಸ್ಯದ ಮಾತಾಡಲು ಯಾರಿಗೆ ಮುಖವಿದೆ? ನಿಮ್ಮ ಸಿಟ್ಟಿನ ಬೇರು ಇಂಥ ಕಡೆಯೂ ಇದೆ ಎಂದು ನನಗೆ ಅನ್ನಿಸಿತು.

ಜರ್ಮನಿಯೂ ಈ ವಿಷಯದಲ್ಲಿ ಸಾಲ ತೀರಿಸಿಲ್ಲ. ಮೆವ್ಲುದೆಗೆ 1996ರಲ್ಲಿ ರಾಷ್ಟ್ರ ಗೌರವ ಕೊಟ್ಟರು, ಅವರ ಹೆಸರಲ್ಲಿ ಪದಕ ಇಟ್ಟರು. 2022ರಲ್ಲಿ ಅವರು ತೀರಿಕೊಂಡ ಮೇಲೆ ಸೋಲಿಂಗೆನ್‌ನ ಒಂದು ಚೌಕಕ್ಕೆ ಅವರ ಹೆಸರಿಟ್ಟರು. ಎಲ್ಲ ಸರಿಯೇ. ಆದರೆ ಮೋಲ್ನ್‌ನ ಕುಟುಂಬಕ್ಕೆ ಜನ ಬರೆದ ನೂರಾರು ಸಾಂತ್ವನದ ಪತ್ರಗಳು ಎರಡು ದಶಕಕ್ಕೂ ಹೆಚ್ಚು ಕಾಲ ಊರಿನ ದಾಖಲೆ ಕೋಣೆಯಲ್ಲೇ ಬಿದ್ದಿದ್ದವು. ಪತ್ರಗಳ ನಡುವೆಯೇ ಬದುಕುವ ನನಗೆ ಇದನ್ನು ಓದಿ ಹೊಟ್ಟೆ ಉರಿಯಿತು. 2020ರ ಫೆಬ್ರವರಿಯಲ್ಲಿ ಹನಾವು ಎಂಬ ಊರಲ್ಲಿ ಒಬ್ಬ ಜನಾಂಗ ದ್ವೇಷದಿಂದ ಒಂಬತ್ತು ಜನರನ್ನು ಗುಂಡಿಟ್ಟು ಕೊಂದ. ಅಲ್ಲಿ ಮಗನನ್ನು ಕಳೆದುಕೊಂಡ ಸೆರ್ಪಿಲ್ ತೆಮಿಜ್ ಉನ್ವರ್ ಆ ವರ್ಷವೇ ಮಗನ ಹೆಸರಲ್ಲಿ ಶಿಕ್ಷಣ ಸಂಸ್ಥೆಯೊಂದನ್ನು ಕಟ್ಟಿದರು. ಶಾಲೆಗಳಲ್ಲಿರುವ ಜನಾಂಗ ಭೇದದ ಬಗ್ಗೆ ನೇರವಾಗಿ ಮಾತಾಡುತ್ತಾರೆ. ಅವರದ್ದು ಮೆವ್ಲುದೆಯವರಿಗಿಂತ ಖಾರವಾದ ದನಿ. ನನಗೆ ಇಬ್ಬರೂ ಬೇಕು.

ಇನ್ನು ನಿಮ್ಮ ಮಗನ ವಿಷಯ. ಹೆದರಿಸಬೇಡಿ. ಆದರೆ ಬೀದಿಯಲ್ಲೋ ಕೆಲಸದ ಜಾಗದಲ್ಲೋ ಯಾರಾದರೂ ಬಣ್ಣ, ಮೂಲ ಹಿಡಿದು ಅವಮಾನಿಸಿದರೆ, ಕೈ ಮಾಡಿದರೆ, ಹೋಗಲಿ ಬಿಡು ಅಂತ ನುಂಗಿಕೊಳ್ಳಬೇಡ ಎಂದು ಹೇಳಿ. ಪೊಲೀಸರಿಗೆ ದೂರು ಕೊಡಲಿ. ಡ್ಯೂಸೆಲ್‌ಡಾರ್ಫ್‌ನಲ್ಲೇ ‘ಒಪ್ಫರ್‌ಬೆರಾಟುಂಗ್ ರೈನ್‌ಲಾಂಡ್’ ಎಂಬ ಕೇಂದ್ರವಿದೆ. ಜನಾಂಗ ದ್ವೇಷದ ಹಲ್ಲೆಗೆ ಒಳಗಾದವರ ಜೊತೆ ನಿಲ್ಲುವುದೇ ಅವರ ಕೆಲಸ, ದುಡ್ಡು ಕೇಳುವುದಿಲ್ಲ. ಆ ಹೆಸರನ್ನು ಅವನು ಫೋನಿನಲ್ಲಿ ಬರೆದಿಟ್ಟುಕೊಳ್ಳಲಿ. ಮುಂದಿನ ಮೇ 29ಕ್ಕೆ ರಜೆ ಸಿಕ್ಕರೆ ಸೋಲಿಂಗೆನ್‌ಗೆ ಹೋಗಿ ಬರಲಿ. ಸತ್ತವರನ್ನು ನೆನೆಯಲು ಅಲ್ಲಿ ಪ್ರತಿ ವರ್ಷ ಜನ ಸೇರುತ್ತಾರೆ. ಹೋದರೆ ಏನು ಕಂಡ, ಏನು ಕೇಳಿಸಿಕೊಂಡ ಅಂತ ಬರೆಯಲು ಹೇಳಿ. ನಾವು ಅಚ್ಚು ಹಾಕುತ್ತೇವೆ.

— ಸಂಪಾದಕ