ನೂಕುವುದು ನಿಲ್ಲಿಸಿದರೆ ಪೆಟ್ಟಿಗೆ ಯಾಕೆ ನಿಲ್ಲುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬಲ, ಸಮತೋಲನ, ಜಡತ್ವದ ಸುತ್ತಲೇ ಇವೆ. ಆರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯ ಉತ್ತರ ಸ್ವಲ್ಪ ಉದ್ದ. ಅದೊಂದು ತಲೆಗೆ ಹೋದರೆ ಉಳಿದವು ಅರ್ಧ ಬಗೆಹರಿದ ಹಾಗೆ.

ಪ್ರಶ್ನೆ: ನಿವ್ವಳ ಬಲ ಸೊನ್ನೆಯಾದರೆ ವಸ್ತು ಒಂದೇ ವೇಗದಲ್ಲಿ ಚಲಿಸುತ್ತಲೇ ಇರುತ್ತದೆ ಎಂದು ಪಾಠದಲ್ಲಿದೆ. ಆದರೆ ನಾನು ಪೆಟ್ಟಿಗೆಯನ್ನು ನೂಕುವುದು ಬಿಟ್ಟ ತಕ್ಷಣ ಅದು ನಿಂತುಬಿಡುತ್ತದೆ. ಅಂದಮೇಲೆ ಚಲಿಸಲು ಬಲ ಬೇಕೇ ಬೇಕು ಅಂತಾಯಿತಲ್ಲ?

ಉತ್ತರ: ನಿಮ್ಮ ಅನುಮಾನ ಹಳೆಯದು. ಅರಿಸ್ಟಾಟಲ್ ಕಾಲದಿಂದ ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಬಹುಪಾಲು ಬುದ್ಧಿವಂತರೂ ಹೀಗೇ ಅಂದುಕೊಂಡಿದ್ದರು. ಕಣ್ಣಿಗೆ ಕಾಣುವುದೂ ಹಾಗೇ ಅಲ್ವಾ? ನೂಕಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆದರೆ ಪೆಟ್ಟಿಗೆಯನ್ನು ನೂಕುತ್ತಿರುವುದು ನೀವೊಬ್ಬರೇ ಅಲ್ಲ. ನೆಲವೂ ಅದನ್ನು ಹಿಂದಕ್ಕೆ ನೂಕುತ್ತಿದೆ. ಅದೇ ಘರ್ಷಣೆ. ನಿಮ್ಮ ಬಲ ನಿಮ್ಮ ತೋಳಿಗೆ ಗೊತ್ತಾಗುತ್ತದೆ. ನೆಲದ ಬಲ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಲೆಕ್ಕ ಹಾಕುವಾಗ ಅದು ಬಿಟ್ಟುಹೋಗುತ್ತದೆ.

ಒಂದು ಸ್ಪ್ರಿಂಗ್ ತಕ್ಕಡಿ ಸಿಕ್ಕರೆ ಇದನ್ನು ಕಣ್ಣಾರೆ ನೋಡಬಹುದು. ಕೊಕ್ಕೆಯನ್ನು ಪೆಟ್ಟಿಗೆಗೆ ಸಿಕ್ಕಿಸಿ, ನೆಲಕ್ಕೆ ಸಮವಾಗಿ ಹಿಡಿದು ಮೆಲ್ಲಗೆ ಎಳೆಯಿರಿ. ಮುಳ್ಳು 5 ನ್ಯೂಟನ್ (ಬಲವನ್ನು ಅಳೆಯುವ ಮಾನ) ತೋರಿಸಿತು ಅನ್ನಿ, ಪೆಟ್ಟಿಗೆ ಅಲುಗಲಿಲ್ಲ. ಅಂದರೆ ಘರ್ಷಣೆಯೂ ಆಗ 5 ನ್ಯೂಟನ್. 20ಕ್ಕೆ ಎಳೆದಿರಿ, ಆಗಲೂ ಅಲುಗಲಿಲ್ಲ. ಘರ್ಷಣೆಯೂ 20ಕ್ಕೆ ಏರಿತು. ನೀವು ಎಷ್ಟು ಎಳೆದರೆ ಅದೂ ಅಷ್ಟೇ ಎಳೆಯುತ್ತದೆ, ಹಟಮಾರಿ ಮಗುವಿನ ಹಾಗೆ. ಆದರೆ ಅದಕ್ಕೂ ಒಂದು ಮಿತಿ ಇದೆ. 30ರ ಹತ್ತಿರ ಪೆಟ್ಟಿಗೆ ತಟ್ಟನೆ ಜಾರುತ್ತದೆ. ಜಾರಿದ ಮೇಲೆ ಮುಳ್ಳನ್ನು ನೋಡಿ. ಒಂದೇ ವೇಗದಲ್ಲಿ ಎಳೆಯುತ್ತಾ ಹೋದರೆ ಅದು 30ರಲ್ಲಿ ನಿಲ್ಲುವುದಿಲ್ಲ, 25ಕ್ಕೋ 24ಕ್ಕೋ ಇಳಿದು ಅಲ್ಲೇ ಇರುತ್ತದೆ. (ಈ ಅಂಕಿಗಳು ಸುಮ್ನೆ ಉದಾಹರಣೆಗೆ. ನಿಮ್ಮ ಪೆಟ್ಟಿಗೆಗೆ, ನಿಮ್ಮ ನೆಲಕ್ಕೆ ಬೇರೆಯೇ ಬರುತ್ತವೆ. ತಕ್ಕಡಿಯ ಮೇಲೆ ಕಿಲೋ ಗುರುತಿದ್ದರೆ 9.8ರಿಂದ ಗುಣಿಸಿ.)

ಈಗ ಮುಖ್ಯ ಮಾತು. ಪೆಟ್ಟಿಗೆ ಒಂದೇ ವೇಗದಲ್ಲಿ ಸಾಗುತ್ತಿರುವಾಗ ನೀವು ಮುಂದಕ್ಕೆ 25, ನೆಲ ಹಿಂದಕ್ಕೆ 25. ಕೂಡಿ ಕಳೆದರೆ ಸೊನ್ನೆ. ನಿವ್ವಳ ಲಾಭ ಅನ್ನುತ್ತೇವಲ್ಲ, ಬಂದದ್ದರಲ್ಲಿ ಹೋದದ್ದನ್ನು ಕಳೆದು ಉಳಿಯುವುದು? ನಿವ್ವಳ ಬಲವೂ ಅದೇ ಜಾತಿಯದು, ಇಲ್ಲಿ ದಿಕ್ಕನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಷ್ಟೆ. ನೀವು ಬೆವರು ಸುರಿಸಿ ಎಳೆಯುತ್ತಿದ್ದರೂ ಪೆಟ್ಟಿಗೆಯ ಪಾಲಿಗೆ ನಿವ್ವಳ ಬಲ ಸೊನ್ನೆ. ಅದು ಸಮತೋಲನದಲ್ಲೇ ಇದೆ. ಕೈ ಬಿಟ್ಟಿರಿ ಅನ್ನಿ. ಆಗ ನಿಮ್ಮ 25 ಹೋಯಿತು, ನೆಲದ 25 ಉಳಿಯಿತು. ಪೆಟ್ಟಿಗೆ ನಿಂತದ್ದು ಬಲ ಇಲ್ಲದ್ದಕ್ಕಲ್ಲ, ಹಿಂದಕ್ಕೆ ಎಳೆಯುವ ಬಲ ಒಂದೇ ಉಳಿದದ್ದಕ್ಕೆ.

ನೆಲದ ಬಲವನ್ನು ಕಡಿಮೆ ಮಾಡುತ್ತಾ ಹೋದರೆ? ಗೆಲಿಲಿಯೋ 17ನೇ ಶತಮಾನದ ಮೊದಲ ಭಾಗದಲ್ಲಿ ಯೋಚಿಸಿದ್ದು ಇದನ್ನೇ. ಒಂದು ಇಳಿಜಾರಿನಿಂದ ಗುಂಡು ಉರುಳಿ ಬಂದು ಎದುರಿನ ಏರನ್ನು ಹತ್ತುತ್ತದೆ, ಹೆಚ್ಚುಕಡಿಮೆ ಬಿಟ್ಟಷ್ಟೇ ಎತ್ತರಕ್ಕೆ. ಎದುರಿನ ಏರಿನ ಕಡಿದನ್ನು ಕಡಿಮೆ ಮಾಡಿದರೆ ಅದೇ ಎತ್ತರ ಮುಟ್ಟಲು ಗುಂಡು ಇನ್ನೂ ದೂರ ಓಡಬೇಕು. ಏರನ್ನು ಪೂರ್ತಿ ಮಲಗಿಸಿಬಿಟ್ಟರೆ? ಮುಟ್ಟಬೇಕಾದ ಎತ್ತರವೇ ಇಲ್ಲ. ಓಡುತ್ತಲೇ ಇರಬೇಕು. ನ್ಯೂಟನ್ 1687ರಲ್ಲಿ ತನ್ನ ಮೊದಲ ನಿಯಮವಾಗಿ ಬರೆದದ್ದು ಇದರ ಅಚ್ಚುಕಟ್ಟಾದ ರೂಪ.

ನಂಬಿಕೆ ಬರದಿದ್ದರೆ ವಾಯೇಜರ್ 1 ಬಾಹ್ಯಾಕಾಶ ನೌಕೆಯನ್ನು ನೆನೆಸಿಕೊಳ್ಳಿ. 1977ರಲ್ಲಿ ಹೊರಟದ್ದು. ಈಗಲೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಹೋಗುತ್ತಿದೆ. ಅದನ್ನು ಹಿಂದಿನಿಂದ ನೂಕುತ್ತಿರುವ ಎಂಜಿನ್ ಯಾವುದೂ ಇಲ್ಲ. ಅದರಲ್ಲಿರುವ ಪುಟ್ಟ ತ್ರಸ್ಟರ್‌ಗಳ ಕೆಲಸ ಆಂಟೆನಾವನ್ನು ಭೂಮಿಯ ಕಡೆ ತಿರುಗಿಸಿಟ್ಟುಕೊಳ್ಳುವುದು. ಸೂರ್ಯನ ಸೆಳೆತ ಅಲ್ಲಿಗೂ ತಲುಪುತ್ತದೆ, ನಿಜ. ಆದರೆ ಅದು ಬಹಳ ಕಮ್ಮಿ, ಅದರಿಂದ ವೇಗ ತಗ್ಗುವುದೂ ಅಷ್ಟೇ ಕಮ್ಮಿ.

ಹಾಗಾಗಿ ಪ್ರಶ್ನೆಯನ್ನೇ ಬದಲಿಸಿಕೊಳ್ಳಿ. 'ಚಲಿಸುತ್ತಿದೆಯಾ?' ಅಂತ ಕೇಳಬೇಡಿ. 'ವೇಗ ಬದಲಾಗುತ್ತಿದೆಯಾ?' ಅಂತ ಕೇಳಿ. ಬದಲಾಗುತ್ತಿದ್ದರೆ ನಿವ್ವಳ ಬಲ ಇದೆ. ಇಲ್ಲದಿದ್ದರೆ ಇಲ್ಲ. ವೇಗ ಅಂದಾಗ ದಿಕ್ಕೂ ಸೇರಿತು. ತಿರುವಿನಲ್ಲಿ ಸಾಗುವ ಕಾರಿನ ಮೀಟರ್ 40ರಲ್ಲೇ ಕದಲದೆ ನಿಂತಿದ್ದರೂ ಅದರ ಮೇಲೆ ನಿವ್ವಳ ಬಲ ಇದ್ದೇ ಇದೆ.

ಪ್ರಶ್ನೆ: ನೇರ ಮೇಲಕ್ಕೆ ಎಸೆದ ಚೆಂಡು ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆಗ ಅದು ಸಮತೋಲನದಲ್ಲಿದೆ ಎಂದು ಬರೆದೆ. ತಪ್ಪು ಎಂದರು. ಯಾಕೆ?

ಉತ್ತರ: ಸಮತೋಲನದಲ್ಲಿದ್ದರೆ ಅದು ಅಲ್ಲೇ ಇರಬೇಕಿತ್ತು! ನಿವ್ವಳ ಬಲ ಸೊನ್ನೆ, ವೇಗವೂ ಸೊನ್ನೆ ಅಂದರೆ ಚೆಂಡು ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಲ್ಲಬೇಕು. ಕೆಳಗೆ ಬರಲು ಕಾರಣವೇ ಇರುವುದಿಲ್ಲ.

ಅದೇ ಚೆಂಡನ್ನು ದಾರದಲ್ಲಿ ತೂಗುಹಾಕಿ ಹೋಲಿಸಿ ನೋಡಿ. ಎರಡರ ವೇಗವೂ ಸೊನ್ನೆ. ದಾರದ ಚೆಂಡನ್ನು ಭೂಮಿ ಕೆಳಗೆಳೆಯುತ್ತದೆ, ದಾರ ಮೇಲೆಳೆಯುತ್ತದೆ, ಲೆಕ್ಕ ಚುಕ್ತಾ. ಎಸೆದ ಚೆಂಡನ್ನು ಮೇಲೆಳೆಯುವವರು ಯಾರೂ ಇಲ್ಲ. ಕೈಯಿಂದ ಬಿಟ್ಟ ಕ್ಷಣದಿಂದ ಮತ್ತೆ ಕೈಗೆ ಬೀಳುವವರೆಗೂ, ಗಾಳಿಯ ತಡೆ ಬಿಟ್ಟರೆ, ಅದರ ಮೇಲಿರುವುದು ಭೂಮಿಯ ಎಳೆತ ಒಂದೇ. ಒಂದೊಂದು ಸೆಕೆಂಡು ಕಳೆದಂತೆ ವೇಗ ಸೆಕೆಂಡಿಗೆ 9.8 ಮೀಟರ್‌ನಷ್ಟು ಕೆಳಮುಖವಾಗಿ ಬದಲಾಗುತ್ತಲೇ ಇರುತ್ತದೆ. ತುದಿಗೆ ಹತ್ತನೇ ಒಂದು ಸೆಕೆಂಡು ಮೊದಲು ಅದು ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಮೇಲೇರುತ್ತಿತ್ತು. ಹತ್ತನೇ ಒಂದು ಸೆಕೆಂಡಿನ ನಂತರ ಅಷ್ಟೇ ವೇಗದಲ್ಲಿ ಇಳಿಯುತ್ತಿರುತ್ತದೆ. ನಡುವೆ ಸೊನ್ನೆಯನ್ನು ಹಾದುಹೋಯಿತು, ಅಲ್ಲಿ ಬೀಡುಬಿಡಲಿಲ್ಲ.

ನಿಮಗೆ ಸಮಾಧಾನ ಆಗುವುದಾದರೆ ಹೇಳುತ್ತೇನೆ, ನಾನೂ ಪರೀಕ್ಷೆಯಲ್ಲಿ ಇದೇ ತಪ್ಪು ಬರೆದವನು.

ಪ್ರಶ್ನೆ: ಬಸ್ಸಿನಲ್ಲಿ ನಿಂತಿದ್ದಾಗ ಚಾಲಕರು ಬ್ರೇಕ್ ಹಾಕಿದರೆ ಮುಂದಕ್ಕೆ ಮುಗ್ಗರಿಸುತ್ತೇವೆ. ನಮ್ಮನ್ನು ಮುಂದಕ್ಕೆ ತಳ್ಳುವುದು ಜಡತ್ವದ ಬಲವೇ?

ಉತ್ತರ: ಜಡತ್ವ ಬಲ ಅಲ್ಲ, ವೇಗ ಬದಲಾಗುವುದಕ್ಕೆ ಒಗ್ಗದ ವಸ್ತುವಿನ ಗುಣ. ನಿಮ್ಮನ್ನು ಯಾರೂ ಮುಂದಕ್ಕೆ ತಳ್ಳಲಿಲ್ಲ.

ರಸ್ತೆ ಬದಿಯಲ್ಲಿ ನಿಂತವರ ಕಣ್ಣಿನಿಂದ ನೋಡಿ. ಬಸ್ಸು ಹೋಗುತ್ತಿತ್ತು, ಅದರೊಳಗೆ ನೀವೂ ಅಷ್ಟೇ ವೇಗದಲ್ಲಿ ಹೋಗುತ್ತಿದ್ದಿರಿ. ಬ್ರೇಕ್ ಬಿದ್ದು ಬಸ್ಸಿನ ವೇಗ ಇಳಿಯಿತು. ನಿಮ್ಮ ಪಾದ ಬಸ್ಸಿನ ನೆಲಕ್ಕೆ ಅಂಟಿದ ಹಾಗಿದೆ, ಘರ್ಷಣೆ ಅದನ್ನೂ ಹಿಂದಕ್ಕೆ ಹಿಡಿಯಿತು. ಎದೆ, ತಲೆಯನ್ನು ಹಿಡಿಯುವುದು ಯಾವುದೂ ಇರಲಿಲ್ಲ. ಅವು ಇದ್ದ ವೇಗದಲ್ಲೇ ಹೋದವು. ಒಳಗಿದ್ದ ನಿಮಗೆ ಅದು 'ಯಾರೋ ತಳ್ಳಿದ ಹಾಗೆ' ಅನ್ನಿಸಿತು. ಹೊರಗಿದ್ದವರಿಗೆ ಕಂಡದ್ದು ಬಸ್ಸು ಹಿಂದೆ ಬಿದ್ದದ್ದು ಮಾತ್ರ. ಕಂಬಿ ಹಿಡಿದಿದ್ದರೆ ಅದು ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿತ್ತು. ಸೀಟ್ ಬೆಲ್ಟ್ ಮಾಡುವುದೂ ಅದನ್ನೇ.

ಚಿತ್ರ ಬರೆದು ಬಲಗಳ ಬಾಣ ಹಾಕುವಾಗ ನಾನು ಪ್ರತಿ ಬಾಣಕ್ಕೂ ಒಂದು ಪ್ರಶ್ನೆ ಕೇಳುತ್ತೇನೆ: ಇದನ್ನು ಕೊಡುತ್ತಿರುವವರು ಯಾರು? ಭೂಮಿ, ನೆಲ, ಹಗ್ಗ, ಕೈ, ಗಾಳಿ, ಹೀಗೆ ಏನಾದರೊಂದು ಉತ್ತರ ಸಿಗಬೇಕು. 'ಜಡತ್ವ' ಅನ್ನುವುದು ಉತ್ತರವಲ್ಲ. ಆ ಬಾಣವನ್ನು ಅಳಿಸಿಬಿಡಿ.

ಈ ಪದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಜಡ ಅಂದರೆ ನಮಗೆ ಕೂತಲ್ಲೇ ಕೂತ ಸೋಮಾರಿ ನೆನಪಾಗುತ್ತಾನೆ. ಲ್ಯಾಟಿನ್‌ನ 'ಇನರ್ಷಿಯಾ'ಕ್ಕೂ ಸೋಮಾರಿತನ ಎಂದೇ ಅರ್ಥ. ಅದನ್ನು ಭೌತವಿಜ್ಞಾನಕ್ಕೆ ತಂದ ಕೆಪ್ಲರ್ ಕೂಡ ವಸ್ತುಗಳಿಗೆ ನಿಲ್ಲುವುದೇ ಇಷ್ಟ ಅಂದುಕೊಂಡಿದ್ದ. ನ್ಯೂಟನ್ ಪದವನ್ನು ಉಳಿಸಿಕೊಂಡು ಅರ್ಥ ಬದಲಿಸಿದ. ನಿಂತದ್ದು ನಿಂತೇ ಇರಲು ನೋಡುತ್ತದೆ, ಓಡುವುದು ಓಡುತ್ತಲೇ ಇರಲು ನೋಡುತ್ತದೆ. ಅದು ಒಗ್ಗದಿರುವುದು ಬದಲಾವಣೆಗೆ.

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದಲ್ಲಿ ತೂಕವೇ ಇಲ್ಲವಲ್ಲ. ಅಲ್ಲಿ ಜಡತ್ವವೂ ಇರುವುದಿಲ್ಲವೇ?

ಉತ್ತರ: ಪೂರ್ತಿ ಇರುತ್ತದೆ. ಜಡತ್ವದ ಅಳತೆ ದ್ರವ್ಯರಾಶಿ (ವಸ್ತುವಿನಲ್ಲಿ ದ್ರವ್ಯ ಎಷ್ಟಿದೆ ಅನ್ನುವುದು), ತೂಕ (ಭೂಮಿ ಅದನ್ನು ಎಳೆಯುವ ಬಲ) ಅಲ್ಲ. ಅಂದಹಾಗೆ ಅಲ್ಲಿ ಗುರುತ್ವ ಮಾಯವಾಗಿರುವುದಿಲ್ಲ. ಸುಮಾರು 400 ಕಿಲೋಮೀಟರ್ ಎತ್ತರದಲ್ಲೂ ಅದು ನೆಲದ ಮೇಲಿನದರ ಶೇ 90ರ ಆಸುಪಾಸಿನಲ್ಲಿದೆ. ನಿಲ್ದಾಣ ಮತ್ತು ಅದರೊಳಗಿನವರು ಒಟ್ಟಿಗೇ ಬೀಳುತ್ತಾ ಭೂಮಿಯನ್ನು ಸುತ್ತುತ್ತಾರೆ, ಹಾಗಾಗಿ ತೂಕದ ಅನುಭವ ಆಗುವುದಿಲ್ಲ.

ಅಲ್ಲಿ ಮಾಮೂಲಿ ತೂಕದ ಯಂತ್ರದ ಮೇಲೆ ನಿಂತರೆ ಸೊನ್ನೆ. ಹಾಗಾದರೆ ಗಗನಯಾತ್ರಿ ಸೊರಗಿದ್ದಾರಾ ಅಂತ ತಿಳಿಯುವುದು ಹೇಗೆ? 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಒಂದು ಸ್ಪ್ರಿಂಗ್ ಕುರ್ಚಿ ಇತ್ತು. ಅದರಲ್ಲಿ ಕೂತು ಬಿಟ್ಟರೆ ಕುರ್ಚಿ ಹಿಂದೆ ಮುಂದೆ ತೂಗುತ್ತದೆ. ದ್ರವ್ಯರಾಶಿ ಜಾಸ್ತಿ ಇದ್ದವರನ್ನು ಕದಲಿಸಿ ತಿರುಗಿಸುವುದು ಸ್ಪ್ರಿಂಗಿಗೆ ಕಷ್ಟ, ಒಂದೊಂದು ತೂಗಿಗೂ ಸಮಯ ಹೆಚ್ಚು ಹಿಡಿಯುತ್ತದೆ. ಆ ಸಮಯ ಅಳೆದು ಕಿಲೋ ಲೆಕ್ಕ ಹಾಕುತ್ತಿದ್ದರು. ಜಡತ್ವವನ್ನೇ ನೇರವಾಗಿ ಅಳೆದ ಹಾಗಾಯಿತು.

ಪ್ರಶ್ನೆ: ಮೇಜಿನ ಮೇಲಿನ ಪುಸ್ತಕದ ತೂಕ ಕೆಳಗೆ, ಮೇಜಿನ ಬಲ ಮೇಲೆ. ಎರಡೂ ಸಮ. ಇದು ಕ್ರಿಯೆ ಮತ್ತು ಪ್ರತಿಕ್ರಿಯೆಯ ಜೋಡಿ ತಾನೇ?

ಉತ್ತರ: ಅಲ್ಲ. ಒಂದು ವಸ್ತು ಇನ್ನೊಂದನ್ನು ನೂಕಿದರೆ ಅಥವಾ ಎಳೆದರೆ ಅದೂ ಅಷ್ಟೇ ಬಲದಿಂದ ತಿರುಗಿ ನೂಕುತ್ತದೆ ಅಥವಾ ಎಳೆಯುತ್ತದೆ, ಕ್ರಿಯೆ ಮತ್ತು ಪ್ರತಿಕ್ರಿಯೆಯ ಜೋಡಿ ಅಂದರೆ ಇದು. ಪುಸ್ತಕವನ್ನು ಬೆರಳಿನಿಂದ 10 ನ್ಯೂಟನ್ ಒತ್ತಿ. ಮೇಜಿನ ಬಲ 10 ಏರುತ್ತದೆ, ಪುಸ್ತಕದ ತೂಕ ಇದ್ದಷ್ಟೇ ಇರುತ್ತದೆ. ನಿಜವಾದ ಜೋಡಿಯಾಗಿದ್ದರೆ ಹೀಗೆ ಬೇರೆ ಆಗುತ್ತಿರಲಿಲ್ಲ. ಭೂಮಿ ಪುಸ್ತಕವನ್ನು ಎಳೆಯುವುದಕ್ಕೆ ಜೋಡಿ, ಪುಸ್ತಕ ಭೂಮಿಯನ್ನು ಎಳೆಯುವುದು. ಮೇಜು ಪುಸ್ತಕವನ್ನು ನೂಕುವುದಕ್ಕೆ ಜೋಡಿ, ಪುಸ್ತಕ ಮೇಜನ್ನು ನೂಕುವುದು. ಜೋಡಿಯ ಎರಡು ಬಲಗಳು ಯಾವತ್ತೂ ಬೇರೆ ಬೇರೆ ವಸ್ತುಗಳ ಮೇಲಿರುತ್ತವೆ. ನೀವು ಹೇಳಿದ ಎರಡೂ ಪುಸ್ತಕದ ಮೇಲೆಯೇ ಇವೆ. ಅವು ಸಮವಾಗಿರುವುದು ಪುಸ್ತಕ ಸಮತೋಲನದಲ್ಲಿರುವುದರಿಂದ.

ಪ್ರಶ್ನೆ: ಬಟ್ಟೆ ಒಣಹಾಕುವ ಹಗ್ಗವನ್ನು ಎಷ್ಟು ಬಿಗಿದು ಕಟ್ಟಿದರೂ ಒದ್ದೆ ಬಟ್ಟೆ ಹಾಕಿದರೆ ನಡುವೆ ಜಗ್ಗುತ್ತದೆ. ಜಗ್ಗದ ಹಾಗೆ ಕಟ್ಟಲು ಸಾಧ್ಯವಿಲ್ಲವೇ?

ಉತ್ತರ: ಸಾಧ್ಯವಿಲ್ಲ. ಎಷ್ಟೇ ಗಟ್ಟಿ ಹಗ್ಗ ತಂದರೂ ಇಲ್ಲ. ಎಲ್ಲಕ್ಕಿಂತ ನನಗೆ ಇಷ್ಟವಾದ ಪ್ರಶ್ನೆ ಇದು.

ಹಗ್ಗದ ನಡುವೆ 2 ಕಿಲೋ ಬಟ್ಟೆ ತೂಗುತ್ತಿದೆ ಅನ್ನಿ. ಭೂಮಿ ಅದನ್ನು ಸುಮಾರು 20 ನ್ಯೂಟನ್ ಕೆಳಗೆಳೆಯುತ್ತದೆ. ಅದನ್ನು ಸರಿತೂಗಿಸಲು ಹಗ್ಗದ ಎರಡು ಭಾಗಗಳೂ ಸೇರಿ 20 ನ್ಯೂಟನ್ ಮೇಲಕ್ಕೆ ಎಳೆಯಬೇಕು. ಆದರೆ ಹಗ್ಗ ಎಳೆಯುವುದು ತನ್ನ ಉದ್ದಕ್ಕೆ ಮಾತ್ರ. ಪೂರ್ತಿ ಮಲಗಿದ ಹಗ್ಗ ಪಕ್ಕಕ್ಕೆ ಎಳೆಯುತ್ತದೆ, ಮೇಲಕ್ಕೆ ಒಂದಿಷ್ಟೂ ಇಲ್ಲ. ಎಡಕ್ಕೆ ಎಳೆದದ್ದನ್ನು ಬಲಕ್ಕೆ ಎಳೆದದ್ದು ಕಳೆಯುತ್ತದೆ, ಬಟ್ಟೆಯ ತೂಕ ಹಾಗೇ ಉಳಿಯುತ್ತದೆ. ಆಗ ಬಟ್ಟೆ ಕೆಳಗಿಳಿಯಲೇಬೇಕು. ಇಳಿದ ಹಾಗೆ ಹಗ್ಗ ಓರೆಯಾಗುತ್ತದೆ, ಮೇಲಕ್ಕೆ ಎಳೆಯುವ ಪಾಲು ಹುಟ್ಟುತ್ತದೆ.

ಓರೆ 30 ಡಿಗ್ರಿ ಇದ್ದರೆ ಪ್ರತಿ ಬದಿಯ ಹಗ್ಗದಲ್ಲಿ 20 ನ್ಯೂಟನ್ ಬಿಗಿತ ಸಾಕು. 10 ಡಿಗ್ರಿಗೆ ಸುಮಾರು 58 ಬೇಕು. ಬರೀ 1 ಡಿಗ್ರಿ ಜಗ್ಗಲಿ ಅಂದರೆ 570 ದಾಟುತ್ತದೆ. ಎರಡು ಕಿಲೋ ಬಟ್ಟೆಗೆ ಸುಮಾರು 58 ಕಿಲೋ ತೂಗುಹಾಕಿದಷ್ಟು ಬಿಗಿತ! ಹಟ ಹಿಡಿದು ಬಿಗಿಯುತ್ತಾ ಹೋದರೆ ಮೊದಲು ಕಿತ್ತು ಬರುವುದು ಗೋಡೆಯ ಮೊಳೆ. ಸ್ವಲ್ಪ ಸಡಿಲ ಬಿಟ್ಟೇ ಕಟ್ಟಿ.